ಕೀಲು ಬಿಟ್ಟ ಜ್ವರ ಹೃದಯ ಬಿಡಲಿಲ್ಲ

ಭಾಲ್ಕಿಯಿಂದ ಗಂಡಿನ ಕಡೆಯವರು ಔರಾದದ ನಮ್ಮ ಮನೆಗೆ ನನ್ನನ್ನು ನೋಡಲು ಬಂದಿದ್ದರು. ಚಹಾ ಒಯ್ಯುವಾಗ ಚಿಕ್ಕಪ್ಪನ ಹೆಂಡತಿ, ನನ್ನ ಕಾಕಿ, ತಡೆದು ಪಿಸುಗುಟ್ಟಿದರು.

"ಸೂಜಿ ಮಾತು ತೆಗೀಬ್ಯಾಡ. ಮದುವಿ ಆದ ಮ್ಯಾಲ ನೋಡಮು."

ನಾನು ಟ್ರೇ ಇಟ್ಟು, ಅವರ ಎದುರೇ ಕೂತು ಹೇಳಿಬಿಟ್ಟೆ.

ಚಿಕ್ಕವಳಿದ್ದಾಗ ಗಂಟಲು ನೋವು ಬಂದು ಹೋಗಿತ್ತು. ಕೆಲವು ವಾರಗಳಲ್ಲಿ ಜ್ವರ, ಮೊಣಕಾಲಿಗೆ ಬಾವು. ಅದು ಇಳಿದರೆ ಮೊಣಕೈಗೆ. ಮನೆಯಲ್ಲಿ ಎಣ್ಣೆ ತಿಕ್ಕಿದರು, ವಾಸಿಯಾಯಿತು… ಅಂದುಕೊಂಡೆವು.

ಕಾಲೇಜಿನಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು. ಬೀದರಿನ ಡಾಕ್ಟರ್ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದಾಗಲೇ ಗೊತ್ತಾಗಿದ್ದು, ಚಿಕ್ಕಂದಿನ ಆ ಜ್ವರ ರುಮ್ಯಾಟಿಕ್ ಜ್ವರ. ಗಂಟಲಿನ ಸೋಂಕಿನ ವಿರುದ್ಧ ಹೋರಾಡಲು ಹೊರಟ ದೇಹ ತನ್ನದೇ ಕೀಲಿಗೆ, ಹೃದಯಕ್ಕೆ ಪೆಟ್ಟು ಕೊಡುತ್ತದೆ. ಕೀಲು ಸರಿಹೋಗುತ್ತದೆ, ಹೃದಯದ ಕವಾಟದ ಗಾಯ ಉಳಿದುಬಿಡಬಹುದು.

ಜ್ವರ ಮರುಕಳಿಸಿದರೆ ಕವಾಟ ಇನ್ನಷ್ಟು ಕೆಡುತ್ತದೆ. ಅದಕ್ಕೇ ನನಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ.

ಹುಡುಗ ನೆಲ ನೋಡುತ್ತಿದ್ದ. ಅವನ ತಾಯಿ ಮಾತ್ರ ನನ್ನನ್ನೇ ನೋಡುತ್ತಿದ್ದರು. "ಮನಿಗಿ ಹೋಗಿ ತಿಳಸ್ತೇವ್ರಿ" ಅಂತ ಎದ್ದರು.

ತಿಳಿಸಲಿಲ್ಲ. ಕಾಕಿ ನನ್ನೊಡನೆ ಮಾತು ಬಿಟ್ಟರು. ನಾನು ಅತ್ತಿದ್ದು ನಿಜ. ಆದರೆ ಹೇಳಬಾರದಿತ್ತು ಅಂತ ಒಮ್ಮೆಯೂ ಅನ್ನಿಸಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಫೋನ್. ಆ ಹುಡುಗನ ತಾಯಿ!

"ತಂಗಿ, ನನ್ನ ಮೊಮ್ಮಗಳಿಗಿ ಜ್ವರ ಬಂದದ. ನಿನ್ನಿ ಮೊಣಕಾಲ ಬಾತಿತ್ತು, ಇವತ್ತ ಮೊಣಕೈ. ನೀ ಅವತ್ತ ಹೇಳಿದಂಗೇ ಅದ… ಏನ್ ಮಾಡ್ಲಿ?"

"ಮನಿ ಮದ್ದು ಮಾಡ್ಕೋತ ಕುಂದರಬ್ಯಾಡ್ರಿ. ಈಗೇ ಬೀದರಕ್ಕ ಕರ್ಕೊಂಡ ಬರ್ರಿ, ನಾನೂ ಬರ್ತೇನಿ."

ಬಸ್ ಹಿಡಿದು ಹೋದೆ. ಆಸ್ಪತ್ರೆ ಗೇಟಿನಲ್ಲಿ ಅವರು ಕಾಯುತ್ತಿದ್ದರು. ಶಾಲೆಗೆ ಹೋಗುವ ಹುಡುಗಿ, ನಡೆಯಲಾಗದೆ ಅಜ್ಜಿಯ ಬೆನ್ನ ಮೇಲಿದ್ದಳು.

ಅದೇ ಜ್ವರ. ಆದರೆ ಎಕೋದಲ್ಲಿ ಕವಾಟ ಇನ್ನೂ ಚೆನ್ನಾಗಿದೆ! ಬೇಗ ಕರೆತಂದಿದ್ದು ಒಳ್ಳೆಯದಾಯಿತು, ಸೂಜಿ ಮಾತ್ರ ವರ್ಷಗಟ್ಟಲೆ ಬೇಕು ಅಂದರು ಡಾಕ್ಟರ್. ಅಜ್ಜಿ ಅಲ್ಲೇ ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

ಸೂಜಿ ಹಾಕುವಾಗ ಹುಡುಗಿ ನನ್ನ ಕೈ ಬಿಡಲಿಲ್ಲ. "ಭಾಳ ನೋಯ್ತದೇನಕ್ಕ?"

"ನೋಯ್ತದ. ಆದ್ರ ತಪ್ಪಿಸಬ್ಯಾಡ. ನಾನೂ ತಪ್ಪಿಸಂಗಿಲ್ಲ."

ಆ ಸಂಬಂಧ ಕೂಡಿಬರಲಿಲ್ಲ, ಆಮೇಲೆ ಯಾರೂ ಆ ಮಾತು ಎತ್ತಲೂ ಇಲ್ಲ.

ಬರುವ ವಾರ ಇನ್ನೊಂದು ಮನೆಯವರು ನೋಡಲು ಬರುತ್ತಿದ್ದಾರೆ. ಅವರಿಗೂ ಹೇಳುತ್ತೇನೆ… ನನ್ನ ಜಾಗದಲ್ಲಿ ನೀವಿದ್ದರೆ ಹೇಳುತ್ತಿದ್ದಿರಾ?