ಕುಸುಬಿ ಎಣ್ಣೆ ಕುಡಿದ ಕಂಪ್ಯೂಟರ್

ಬ್ಯಾಡಗಿಯಲ್ಲಿ ಭಾವನ ಖಾರಪುಡಿ ಅಂಗಡಿಯ ಮೂಲೆ ಸೇರಿದ್ದ ಹಳೆಯ ಕಂಪ್ಯೂಟರನ್ನು ಅಕ್ಕ ಮನೆಗೆ ತರಿಸಿಕೊಂಡಿದ್ದಳು. ಮುಂದಿನ ವಾರ ಹಾವೇರಿಯಲ್ಲಿ ಅವಳಿಗೆ ಕನ್ನಡ ಟೈಪಿಂಗ್ ಪರೀಕ್ಷೆ. ಪಾಸಾದರೆ ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಕೊಡುವುದಾಗಿ ಹೇಳಿದ್ದರು. ನಾನು ರಾಣೆಬೆನ್ನೂರಿನಿಂದ, ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ತುಂಬಿದ ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಹೋದೆ.

ಲಿನಕ್ಸ್ ಸಲೀಸಾಗಿ ಕೂತಿತು. ಮತ್ತೆ ಶುರು ಮಾಡಿದರೆ ಕಪ್ಪು ಪರದೆ. ಬೂಟ್ ಮಾಡಲು ಡಿಸ್ಕೇ ಇಲ್ಲವೆಂಬ ಒಂದು ಸಾಲು. ಬೂಟ್‌ಲೋಡರನ್ನು, ಅಂದರೆ ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮನ್ನು, ಇನ್ನೊಮ್ಮೆ ಹಾಕಿದೆ. ಒಂದು ಸಲ ಎದ್ದಿತು, ಮರುಸಲ ಇಲ್ಲ. ಎಷ್ಟು ಬಾರಿ ಹಾಕಿದೆನೋ! ಈ ಕಥೆ ಹೇಳಿದಂತೆಲ್ಲ ಸಂಖ್ಯೆ ಏರಿದೆಯೆಂಬ ಗುಮಾನಿ ನನಗೇ ಇದೆ.

"ಪುಕ್ಕಟೆ ಮಾಲು ಹಾಕಿದ್ರ ಹಿಂಗ ಆಗೂದು," ಭಾವ ಹಲ್ಲು ಚುಚ್ಚುತ್ತ ಅಂದರು. "ನೀ ಕಲ್ತ ಕಾಲೇಜ್ ಯಾವುದಪಾ?"

ಕ್ಯಾಬಿನೆಟ್ ಬಿಚ್ಚಿದೆ. ಕಮಟು ಎಣ್ಣೆಯ ವಾಸನೆ ಬಡಿದು ಮೂವರೂ ಸೀನಿದೆವು. ಒಳಗೆಲ್ಲ ಖಾರಪುಡಿ ಎಣ್ಣೆಯಲ್ಲಿ ಕಲಸಿ, ಕೆಟ್ಟ ಚಟ್ನಿಯ ಹಾಗೆ ಕಪ್ಪಾಗಿ ಮೆತ್ತಿತ್ತು. ಅದರಲ್ಲಿ ಜಿರಲೆಯ ರೆಕ್ಕೆ, ಕಾಲು.

"ಫ್ಯಾನ್ ಕಿರ್ ಅಂತಿತ್ತು. ಕುಸುಬಿ ಎಣ್ಣಿ ಬಿಟ್ಟಿದ್ನಿ," ಎಂದರು ಭಾವ.

"ಎಷ್ಟು?" ಎಂದೆ.

"ದಿನಾ ಒಂದಿಷ್ಟು. ಹೊಲಿಗಿ ಮಶೀನಿಗೆ ಬಿಡಂಗಿಲ್ಲೇನು?"

"ಒಗ್ಗರಣಿನೂ ಕೊಡಬೇಕಿತ್ರಿ," ಎಂದಳು ಅಕ್ಕ.

ಡಿಸ್ಕಿನ ಕೇಬಲ್ ಕಿತ್ತಾಗ ಅದರ ಬಾಯಿಂದಲೂ ಅದೇ ಅಂಟು ಎಳೆಯಾಗಿ ಬಂತು. ಸಂಪರ್ಕ ಸಿಕ್ಕಾಗ ಡಿಸ್ಕು ಇತ್ತು, ತಪ್ಪಿದಾಗ ಇರಲಿಲ್ಲ. ಲಿನಕ್ಸಿನ ತಪ್ಪೇನೂ ಇರಲಿಲ್ಲ. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಎಲ್ಲವನ್ನೂ ಒರೆಸಿದೆ. ಮಧ್ಯಾಹ್ನ ರೊಟ್ಟಿಯ ಜೊತೆ ಬಂದ ಕೆಂಪು ಚಟ್ನಿಯನ್ನು ತಟ್ಟೆಯ ಅಂಚಿಗೆ ಸರಿಸಿಬಿಟ್ಟೆ.

ಊಟದ ನಂತರ ಕೇಬಲ್ ಸಿಕ್ಕಿಸಿ ಗುಂಡಿ ಒತ್ತಿದೆ. ಎದ್ದಿತು. ಆರಿಸಿ ಮತ್ತೆ ಒತ್ತಿದೆ, ಮತ್ತೂ ಎದ್ದಿತು. ಅಕ್ಕ ಕುರ್ಚಿ ಎಳೆದುಕೊಂಡು ಟೈಪಿಂಗ್ ಶುರು ಮಾಡಿದಳು.

ಭಾವ ಹಿಂದೆ ಬಂದು ನಿಂತರು. "ಚಲೋನ ನಡ್ಯಾಕತ್ತೈತಲ್ಲ! ಸಂಜಿಕ ಅಂಗಡಿಗೆ ಒಯ್ತೇನಿ."

ಜಿರಲೆಯ ಕಾಲಿಗಿಂತ ಆ ಮಾತು ಹೇಸಿಗೆ ಅನ್ನಿಸಿತು. ನಾನು ಏನಾದರೂ ಅಂದೆನೇ? ಅಂದೆನೆಂದು ನೆನಪಿಟ್ಟುಕೊಳ್ಳುವ ಆಸೆಯೇನೋ ಇದೆ, ಅಂದಿರಲಾರೆ.

ಅಕ್ಕ ಪರದೆಯಿಂದ ಮುಖ ತಿರುಗಿಸಲಿಲ್ಲ. "ಒಯ್ರಿ. ನನ್ನನ್ನೂ ಕುರ್ಚಿ ಸಮೇತ ಹೊತ್ಕೊಂಡು ಹೋಗ್ರಿ. ಪರೀಕ್ಷಾ ಮುಗಿಯೂಮಟ ನಾ ಇದರ ಮುಂದಿಂದ ಏಳಂಗಿಲ್ಲ."

ಭಾವ ನಕ್ಕರು. ಜೊತೆಗೆ ಯಾರೂ ನಗದಿದ್ದಾಗ ಬಗ್ಗಿ ಚಪ್ಪಲಿ ಹುಡುಕತೊಡಗಿದರು.

"ಹೋಗೂಮುಂದ ಬಾಗಲಾ ಮುಂದಕ್ಕ ಮಾಡ್ರಿ," ಎಂದಳು ಅಕ್ಕ, ಕೀಲಿಗಳನ್ನು ಒತ್ತುತ್ತಲೇ.