ಖಾಲಿ ಗಾಡಿಯ ಕುಣಿತ

ನಮ್ಮ ಕಲ್ಲಿನ ಅಂಗಳದಲ್ಲಿ ಅವಳನ್ನು ಎಲ್ಲರೂ ಗಾಡಿ ಅಕ್ಕ ಎನ್ನುತ್ತಿದ್ದರು. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು, ಆದರೂ ನನಗೂ ಅಕ್ಕನೇ. ನಾನು ಹಾಸುಗಲ್ಲು ಕೊಯ್ಯುವ ಯಂತ್ರದ ಮುಂದೆ ನಿಂತಿರುತ್ತಿದ್ದೆ. ಕೊಯ್ದ ಕಲ್ಲನ್ನು ಮನೆ ಕಟ್ಟುವ ಜಾಗಗಳಿಗೆ ಒಯ್ಯುವುದು ಅವಳ ಕೆಲಸ. ಅವಳ ಪಿಕಪ್ ಗಾಡಿ ಒಂದೂವರೆ ಟನ್ ಹೊರುವಂಥದ್ದು. ತುಂಬಿದಾಗ ಗಬ್ಬದ ಎಮ್ಮೆಯ ಹಾಗೆ ಗಂಭೀರವಾಗಿ ನಡೆಯುತ್ತಿತ್ತು. ಕಲ್ಲಿಳಿಸಿ ಬರುವಾಗ ಮಾತ್ರ ಹಗ್ಗ ಬಿಚ್ಚಿದ ಕರು. ರಸ್ತೆಯಲ್ಲಿ ಒಂದು ಉಬ್ಬು ಸಿಕ್ಕರೆ ಸಾಕು, ಹಿಂಭಾಗ ಎಗರಿ ಎಗರಿ ಬೀಳುತ್ತಿತ್ತು.

"ಖಾಲಿ ಗಾಡಿ ಅಂದ್ಮೇಲೆ ಕುಣಿಯೋದೇ," ಎನ್ನುತ್ತಿದ್ದರು ಉಳಿದ ಚಾಲಕರು. ಅವಳೂ ಹಾಗೆಂದುಕೊಂಡೇ ಒಂಬತ್ತು ವರ್ಷ ಓಡಿಸಿದ್ದಳು, ಅವಳ ಅತ್ತೆ ಬಚ್ಚಲಲ್ಲಿ ಜಾರಿ ಬೀಳುವವರೆಗೆ.

ಅತ್ತೆ ಸಾಮಾನ್ಯ ಹೆಂಗಸಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಗಂಟೆ ಹೊಡೆದವರು. ಗಂಟೆಗಿಂತ ಅವರ ಗಂಟಲೇ ದೂರ ಕೇಳುತ್ತಿತ್ತೆಂದು ಹಳೆಯ ಮೇಷ್ಟ್ರುಗಳು ಹೇಳುತ್ತಿದ್ದರು. ಸೊಸೆ ಗಾಡಿ ಕಲಿಯುತ್ತೇನೆಂದಾಗ ನೆಂಟರೆಲ್ಲ ಮೂಗು ಮುರಿದರು. ಗಂಡ ಸೈಕಲ್ ಬಿಟ್ಟು ಬೇರೇನನ್ನೂ ಓಡಿಸಿದವನಲ್ಲ, ಅವನು ಹ್ಞೂಂ ಎನ್ನಲೂ ಇಲ್ಲ, ಉಹ್ಞೂಂ ಎನ್ನಲೂ ಇಲ್ಲ. "ಕಲೀಲಿ ಬಿಡ್ರೋ. ಮನೇಲಿ ಒಬ್ಬರಾದ್ರೂ ಮುಂದೆ ನೋಡ್ಕೊಂಡು ಹೋಗೋರು ಬೇಕು," ಎಂದು ಎಲ್ಲರ ಬಾಯಿ ಮುಚ್ಚಿಸಿದವರು ಅತ್ತೆ.

ಈಗ ಅವರ ತೊಡೆಯ ಮೂಳೆ ಮುರಿದಿತ್ತು. ಒಳಗೆ ಸರಳು ಹಾಕಿ ಸೇರಿಸಿದರು. ಮೂಳೆಯೇನೋ ಕೂಡಿತು, ಆದರೆ ಮಂಡಿ ಮರಗಟ್ಟಿ ಕೂತಿತ್ತು. ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಬಂದು ವ್ಯಾಯಾಮ ಮಾಡಿಸಿಕೊಳ್ಳಬೇಕು, ಆರು ವಾರದೊಳಗೆ ಮಂಡಿ ಬಗ್ಗದಿದ್ದರೆ ಕಾಲು ಹೀಗೇ ಕೋಲಿನಂತೆ ಉಳಿದುಬಿಡುತ್ತದೆ ಎಂದರು ಡಾಕ್ಟರು. ಆಸ್ಪತ್ರೆ ಹನ್ನೊಂದು ಕಿಲೋಮೀಟರ್ ದೂರ. ಚಾಚಿದ ಕಾಲು ಆಟೋದಲ್ಲಿ ಹಿಡಿಸುತ್ತಿರಲಿಲ್ಲ. ಪಿಕಪ್ಪಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರೆ ಹಿಡಿಸುತ್ತಿತ್ತು. ಬೆಳಗಿನ ಲೋಡು ಇಳಿಸಿದ ಮೇಲೆ ಎರಡು ಗಂಟೆ ಬಿಡುವು ಕೊಡಿ ಎಂದು ಅಕ್ಕ ಅಂಗಳದ ಯಜಮಾನರನ್ನು ಕೇಳಿಕೊಂಡಳು. ಅವರು ಒಪ್ಪಿದರು.

ಮೊದಲ ದಿನ ಬೀದಿಯ ತಿರುವು ದಾಟುವಷ್ಟರಲ್ಲೇ ಅತ್ತೆ ಕೂಗಿದರು. "ಅಯ್ಯೋ! ಆಸ್ಪತ್ರೆಗೆ ಕರ್ಕೊಂಡ್ಹೋಗ್ತಿದ್ದೀಯೋ, ಒರಳಲ್ಲಿ ಹಾಕಿ ಕುಟ್ತಿದ್ದೀಯೋ?"

"ನಿಧಾನಕ್ಕೇ ಹೋಗ್ತಿದ್ದೀನತ್ತೆ."

"ನೀನು ನಿಧಾನ. ನಿನ್ನ ಗಾಡಿಗೆ ಯಾರಮ್ಮಾ ಹೇಳೋರು?"

ಎರಡನೆಯ ದಿನ ಕೂಗಲಿಲ್ಲ, ಪ್ರತಿ ಉಬ್ಬಿಗೂ ನರಳಿದರು. ತುಟಿ ಕಚ್ಚಿಕೊಂಡು ಕೂತಿದ್ದರು, ಕಣ್ಣಲ್ಲಿ ನೀರಿತ್ತು. ಮೂರನೆಯ ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. "ಕಾಲು ಹೋದ್ರೆ ಹೋಗ್ಲಿ. ಇರೋ ಸೊಂಟನಾದ್ರೂ ಉಳೀಲಿ. ನಾನು ಬರಲ್ಲ."

ಅಕ್ಕ ಹೊರಗೆ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು. ಒಂಬತ್ತು ವರ್ಷದಲ್ಲಿ ಅದನ್ನು ಹಾಗೆ ನೋಡಿದ್ದು ಅದೇ ಮೊದಲು ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು.

ಅವಳ ಮೊದಲ ಪ್ರಯತ್ನ ಎಡವಟ್ಟಾಯಿತು. ಹಿಂದಿನ ಚಕ್ರಗಳ ಮೇಲೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿರುತ್ತಾರೆ, ಹೊರೆ ತಡೆಯುವುದು ಅವೇ. ಅವಳ ಗಾಡಿಯಲ್ಲಿ ಒಂದೊಂದು ಕಡೆ ಆರು. "ಎರಡು ಬಿಚ್ಚಿ ಬಿಸಾಕು, ಹಾಸಿಗೆ ಮೇಲೆ ಕೂತ ಹಾಗಿರುತ್ತೆ," ಎಂದ ಒಬ್ಬ ಚಾಲಕ. ಅವಳು ಎರಡೆರಡು ಬಿಚ್ಚಿಸಿದಳು. ಮರುದಿನ ಬೆಳಗಿನ ಲೋಡು ಏರಿಸಿದಾಗ ಗಾಡಿಯ ಹಿಂಭಾಗ ಕುಸಿದು ಕೂತಿತು. ಹೊರಟು ಅರ್ಧ ದಾರಿಯಲ್ಲಿ ಒಂದು ಗುಂಡಿಗೆ ಇಳಿದದ್ದೇ ತಡ, ಅಡಿಯಿಂದ ದಡ್ ಎಂಬ ಸದ್ದು. ನಾಲ್ಕು ಹಾಸುಗಲ್ಲು ಸೀಳಿದ್ದವು. ಅಲ್ಲಿಂದಲೇ ಹಿಂತಿರುಗಿ ನೇರ ಯಜಮಾನರ ಮುಂದೆ ನಿಂತಳು.

"ಕಲ್ಲಿನ ತಪ್ಪಲ್ಲ, ರಸ್ತೆ ತಪ್ಪೂ ಅಲ್ಲ. ಪಟ್ಟಿ ಬಿಚ್ಚಿಸಿದ್ದು ನಾನು."

ಯಜಮಾನರು ಎದ್ದು ಬಂದು ಸೀಳಿದ ಕಲ್ಲುಗಳನ್ನು ನೋಡಿದರು. "ಸುಳ್ಳು ಹೇಳಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ ಅಲ್ವಾ?"

"ನಂಗೆ ಗೊತ್ತಿರ್ತಿತ್ತಲ್ಲ."

ಅವರು ಬೈಯಲಿಲ್ಲ. ಪೇಟೆಯ ಆ ಕೊನೆಯಲ್ಲಿ ಪಟ್ಟಿ ಬಡಿಯುವ ಮುದುಕ ಮೇಸ್ತ್ರಿಯೊಬ್ಬರಿದ್ದಾರೆ, ಅವರ ಹತ್ತಿರ ಹೋಗು ಎಂದು ದಾರಿ ಹೇಳಿದರು.

ಮೇಸ್ತ್ರಿಯ ಕುಲುಮೆ ಎರಡು ಗೋಡೆಗಳ ನಡುವಿನ ಇಕ್ಕಟ್ಟಿನಲ್ಲಿತ್ತು. ಅವರು ಅವಳ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಗಾಡಿಯ ಹಿಂಭಾಗವನ್ನು ಎರಡು ಕೈಯಲ್ಲೂ ಒತ್ತಿ ಬಿಟ್ಟರು. ಅದು ಮೇಲೆದ್ದು, ಇಳಿದು, ಮತ್ತೆ ಎದ್ದು, ಮತ್ತೆ ಇಳಿಯಿತು.

"ಎಣಿಸಿದ್ಯಾ ತಾಯಿ? ಒಂದ್ಸಲ ಎದ್ದು ನಿಲ್ಬೇಕು. ಇದು ನಾಲ್ಕು ಸಲ ಎದ್ದಿದೆ. ನಿನ್ನ ಶಾಕ್ ಅಬ್ಸಾರ್ಬರ್ ಸತ್ತು ಯಾವ ಕಾಲವಾಯ್ತೋ!"

ಬಳಿಕ ಗಾಡಿಯ ಕೆಳಗೆ ತೂರಿಕೊಂಡು ಅಲ್ಲಿಂದಲೇ ಮಾತಾಡಿದರು. ಪಟ್ಟಿಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿವೆ, ಜಾರಬೇಕಾದವು ಜಾರುತ್ತಿಲ್ಲ. ಪಟ್ಟಿಗಳೆಲ್ಲ ಒಂದೇ ಕಲ್ಲಾಗಿಬಿಟ್ಟಿವೆ, ಇನ್ನು ಕುಣಿಯದೆ ಏನು ಮಾಡೀತು? ಬಿಚ್ಚಿದ್ದನ್ನು ಮತ್ತೆ ಹಾಕಲೇಬೇಕು. ಆದರೆ ಕೆಳಗಿನ ಎರಡು ದಪ್ಪ ಪಟ್ಟಿಗಳ ಬಾಗನ್ನು ಕಾಯಿಸಿ ಕಡಿಮೆ ಮಾಡಿದರೆ, ಖಾಲಿಯಿದ್ದಾಗ ಅವುಗಳ ತುದಿ ಮೇಲಿನವಕ್ಕೆ ತಾಗುವುದಿಲ್ಲ. ಹೊರೆ ಬಿದ್ದಾಗ ಮೇಲಿನವು ಬಗ್ಗಿ ಬಂದು ಇವುಗಳ ಮೇಲೆ ಕೂರುತ್ತವೆ.

"ಅಂದ್ರೆ ಕೆಲಸ ಇದ್ದಾಗ ಮಾತ್ರ ಕೈ ಕೊಡ್ತವೆ," ಎಂದಳು ಅಕ್ಕ.

"ಹ್ಞಾ! ಕೈ ಕೊಡೋದಲ್ಲಮ್ಮ, ಕೈ ಜೋಡಿಸ್ತವೆ ಅನ್ನು. ಕೈ ಕೊಟ್ರೆ ಕಲ್ಲು ಸೀಳುತ್ತೆ."

ಮೇಸ್ತ್ರಿಗೆ ಆ ಕೆಲಸಕ್ಕೆ ಎರಡು ದಿನ ಹಿಡಿಯಿತು. ಅಕ್ಕ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ತುಕ್ಕು ಉಜ್ಜಿದಳು, ಪಟ್ಟಿಗಳ ನಡುವೆ ಗ್ರೀಸ್ ಬಳಿದಳು. ಹೊಸ ಶಾಕ್ ಅಬ್ಸಾರ್ಬರ್ ಕೂತವು. ಗಾಡಿಯ ಬಾಗಿಲ ಚೌಕಟ್ಟಿನ ಮೇಲೆ ಒಂಬತ್ತು ವರ್ಷದಿಂದ ಅಂಟಿಕೊಂಡಿದ್ದ ಚೀಟಿಯನ್ನು ಓದಿದ್ದೂ ಆಗಲೇ. ಹಿಂದಿನ ಟೈರಿಗೆ ಹೊರೆಯಿದ್ದಾಗ ಅರವತ್ತೈದು, ಖಾಲಿಯಿದ್ದಾಗ ನಲವತ್ತು ಎಂದು ಗಾಳಿಯ ಅಳತೆ ಅದರಲ್ಲಿತ್ತು. ಅಂಗಳದ ಯಾವ ಗಾಡಿಯೂ ಅರವತ್ತೈದರಿಂದ ಕೆಳಗಿಳಿದದ್ದೇ ಇಲ್ಲ. ಅವಳು ಗಾಳಿ ಅಳೆಯುವ ಒಂದು ಕಡ್ಡಿ ತಂದುಕೊಂಡಳು. ಕಲ್ಲಿಳಿಸಿದ ಮೇಲೆ ಗಾಳಿ ಬಿಡುವುದು, ಹೊರೆ ಏರಿಸುವ ಮೊದಲು ಅಂಗಳದ ಗಾಳಿ ಯಂತ್ರದಲ್ಲಿ ತುಂಬುವುದು. ಗಂಡನೂ ಸುಮ್ಮನೆ ಕೂರಲಿಲ್ಲ. ಖಾಲಿ ಗಾಡಿಗೆ ಒಂದಿಷ್ಟು ಭಾರವಿರಲಿ ಎಂದು ಹಳೆಯ ಗೋಣಿಗಳಿಗೆ ಮರಳು ತುಂಬಿ, ಬಾಯಿ ಹೊಲಿದು, ಹಿಂದಿನ ಚಕ್ರಗಳ ನೇರಕ್ಕೆ ಆರು ಚೀಲ ಬಿಗಿದು ಕಟ್ಟಿಕೊಟ್ಟ. ಲೋಡು ಏರಿಸುವಾಗ ಅವು ಅಂಗಳದಲ್ಲಿಳಿಯುತ್ತಿದ್ದವು, ಆಸ್ಪತ್ರೆಯ ದಿನ ಮತ್ತೆ ಏರುತ್ತಿದ್ದವು. ಏರಿಸಿ ಇಳಿಸಿ ನನ್ನ ಬೆನ್ನೂ ಬಗ್ಗಿತು. ಆದರೆ ಅವಳ ಮುಖ ನೋಡಿ ಯಾರೂ ಗೊಣಗಲಿಲ್ಲ.

ಅತ್ತೆಯನ್ನು ಹೊರಡಿಸುವುದೇ ದೊಡ್ಡ ಸಾಹಸವಾಯಿತು. "ಒಂದೇ ಒಂದ್ಸಲ ಬನ್ನಿ ಅತ್ತೆ. ನೋವಾದ್ರೆ ಅಲ್ಲೇ ತಿರುಗಿಸ್ತೀನಿ, ಆಣೆ," ಎಂದಳು. ಅತ್ತೆ ಎರಡೂ ಕೈಯಲ್ಲಿ ಸೀಟು ಹಿಡಿದು, ಕಣ್ಣು ಮುಚ್ಚಿ ಕೂತರು.

ಮೊದಲ ಉಬ್ಬು ಬಂತು. ಗಾಡಿ ಎದ್ದಿತು, ಇಳಿಯಿತು, ನಿಂತಿತು. ಅತ್ತೆ ಒಂದು ಕಣ್ಣು ತೆರೆದರು, ಮತ್ತೆ ಮುಚ್ಚಿದರು. ಸೇತುವೆ ದಾಟಿತು, ಕಿತ್ತುಹೋದ ರಸ್ತೆಯೂ ಬಂತು. ಪಕ್ಕದಲ್ಲಿ ಬೈಗುಳವಿಲ್ಲ, ಉಸಿರೆಳೆದ ಸದ್ದೂ ಇಲ್ಲ. ಅಕ್ಕನಿಗೆ ದಿಗಿಲಾಯಿತು. ಅತ್ತೆ ಇಷ್ಟು ಹೊತ್ತು ಬಾಯಿ ಮುಚ್ಚಿದ್ದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, "ಅತ್ತೇ! ಅತ್ತೇ!" ಎಂದು ಭುಜ ಹಿಡಿದು ಅಲುಗಿಸಿದಳು.

ಅತ್ತೆ ಬೆಚ್ಚಿ ಎದ್ದರು. "ಏನೇ ನಿಂದು? ವಾರದಿಂದ ನಿದ್ದೆ ಇರ್ಲಿಲ್ಲ, ಈಗ ಸ್ವಲ್ಪ ಕಣ್ಣು ಹತ್ತಿತ್ತು. ಗಾಡಿ ಸುಮ್ನಿದೆ ಅಂದ್ರೆ ನೀನು ಕುಲುಕ್ತೀಯಲ್ಲೇ!"

ಅಕ್ಕ ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಕ್ಕಳಂತೆ. ಸ್ವಲ್ಪ ಅತ್ತಳೂ ಹೌದು, ಅದನ್ನು ಅತ್ತೆಯೇ ನನಗೆ ಹೇಳಿದ್ದು.

ಆಮೇಲೆ ಒಂದು ದಿನವೂ ತಪ್ಪಲಿಲ್ಲ. ಆರನೆಯ ವಾರದ ಕೊನೆಗೆ ಮಂಡಿ ಕುರ್ಚಿಯಲ್ಲಿ ಕೂರುವಷ್ಟು ಬಗ್ಗಿತು. ಆಸ್ಪತ್ರೆಯಲ್ಲಿ ಬೇರೆ ರೋಗಿಗಳ ಮುಂದೆ ಅತ್ತೆ ಡಾಕ್ಟರನ್ನು ಹೊಗಳಿದ್ದು ಕಡಿಮೆ. "ನನ್ನ ಸೊಸೆ ಗಾಡೀಲಿ ಒಮ್ಮೆ ಕೂತು ನೋಡಿ," ಎನ್ನುವುದೇ ಹೆಚ್ಚು. ಊರುಗೋಲು ಹಿಡಿದು ಬೀದಿಯ ಕೊನೆಯ ಅಂಗಡಿಯವರೆಗೆ ತಾವೇ ಹೋಗಿಬರುವಂತಾದರು.

ಅಂಗಳದ ಉಳಿದ ಗಾಡಿಗಳೂ ಒಂದೊಂದಾಗಿ ಮೇಸ್ತ್ರಿಯ ಕುಲುಮೆಗೆ ಹೋಗಿಬಂದವು. "ಪಟ್ಟಿ ಬಿಚ್ಚಿ ಬಿಸಾಕು" ಎಂದಿದ್ದ ಚಾಲಕನೇ ಒಂದು ಬೆಳಿಗ್ಗೆ ತಲೆ ಕೆರೆಯುತ್ತ ಬಂದು, ಖಾಲಿ ಟೈರಿಗೆ ಗಾಳಿ ಎಷ್ಟಿರಬೇಕು ಎಂದು ಅವಳನ್ನು ಕೇಳಿದ. ಅವಳು ಬಾಗಿಲು ತೆರೆದು ಚೀಟಿ ತೋರಿಸಿ, ಟೈರಿನ ಪಕ್ಕ ಕೂತು, ಅವನ ಕೈಯಿಂದಲೇ ಅಳೆಯಿಸಿದಳು.