ಗಡಿಗೆ ಖಾಲಿ ಮಾಡಿದ್ದು ನಾನೇ

ಶಾಲೆಯ ಬೇಲಿಗೂ ನಮ್ಮ ಮನೆಯ ಕಟ್ಟೆಗೂ ನಡುವೆ ಒಂದು ಚಕ್ಕಡಿ ದಾರಿ, ಅಷ್ಟೇ. ಮಗ, ಸೊಸೆ ಇಬ್ಬರೂ ಎಂಟರ ಬಸ್ಸಿಗೆ ಅಣ್ಣಿಗೇರಿಗೆ ಕೆಲಸಕ್ಕೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಒಳ್ಳೆಯವರೇ. ದಣಿದು ಬಂದು, ಉಂಡು ಮಲಗುತ್ತಾರೆ. ಹಗಲೆಲ್ಲ ನಾನು, ಕಟ್ಟೆ, ಈ ಫೋನು. ಇದರಲ್ಲಿ ಒಂದೊಂದೇ ಅಕ್ಷರ ಒತ್ತುವುದನ್ನು ಈಚೆಗೆ ಕಲಿತಿದ್ದೇನೆ.

ಶಾಲೆಯವರು ಪ್ರತಿ ಮಳೆಗಾಲಕ್ಕೆ ಸಸಿ ನೆಡುತ್ತಾರೆ. ಬೇಸಿಗೆಯಲ್ಲಿ ಎರೆ ಮಣ್ಣು ಬಿರಿದಾಗ ಅವು ಒಣಗುತ್ತವೆ. ಈ ಸಲ ಬೇಲಿಯ ಹೊರಗೆ ಒಂದು ಬೇವಿನ ಸಸಿ ಉಳಿದಿತ್ತು. ಒಂದು ಶನಿವಾರ ಶಾಲೆಯ ಅಕ್ಕೋರು ಮಕ್ಕಳನ್ನು ನನ್ನ ಹತ್ತಿರ ಕರೆತಂದರು.

“ಆಯಿ, ಗಿಡಾ ಉಳಸೂದು ಹ್ಯಾಂಗಂತ ನೀವ ತೋರಸ್ರಿ. ಪುಸ್ತಕದಾಗ ಓದಿ ಸಾಕಾಗೇದ.”

ಅಟ್ಟದಿಂದ ಹಳೆಯ ಗಡಿಗೆ ಇಳಿಸಿದೆ. ತಳಕ್ಕೆ ಸಣ್ಣ ತೂತು, ನೀರು ಹನಿಹನಿಯಾಗಿ ಬೇರಿಗೆ ಇಳಿಯಲೆಂದು ತೂತಿಗೆ ಬಟ್ಟೆಯ ಬತ್ತಿ. ಮಕ್ಕಳು ಸಸಿಯ ಬಾಜು ಅದನ್ನು ಕುತ್ತಿಗೆಯವರೆಗೆ ಹುಗಿದು, ನೀರು ತುಂಬಿ, ಹಂಚಿನ ಚೂರು ಮುಚ್ಚಿದರು. ಎಲ್ಲರ ಉಗುರಲ್ಲೂ ಕರಿ ಮಣ್ಣು.

“ದಿನಾ ಬಂದು ನೋಡ್ರಿ. ಖಾಲಿ ಆದಾಗ ತುಂಬ್ರಿ,” ಎಂದೆ.

ಮೊದಲ ಮೂರು ದಿನ ಬಿಸಿಯೂಟ ಮುಗಿಯುತ್ತಲೇ ಹುಡುಗಿಯರು ಬಾಟ್ಲಿ ಹಿಡಿದು ಓಡಿ ಬಂದರು. ಆಮೇಲೆ ಕಟ್ಟೆ ಮೇಲೆ ಕೂತು, ಯಾರ ಹಲ್ಲು ಬಿತ್ತು, ಯಾರ ಎಮ್ಮೆ ಈಯಿತು ಎಂದು ಹೇಳಿದ್ದೇ ಹೇಳಿದ್ದು. ನಾಲ್ಕನೆಯ ದಿನ, “ಅರ್ಧಾನೂ ಇಳದಿಲ್ಲ ಬೇ,” ಎಂದು ಅಲ್ಲಿಂದಲೇ ತಿರುಗಿ ಹೋದರು. ಅವತ್ತು ಕಟ್ಟೆ ಬಹಳ ಉದ್ದವಾಗಿ ಕಂಡಿತು.

ಮರುದಿನ ಗಂಟೆ ಬಾರಿಸುವ ಮೊದಲೇ ಚರಿಗೆಯಿಂದ ಗಡಿಗೆಯ ನೀರು ಮೊಗೆದೆ. ನಮ್ಮ ಕಡೆ ಕೆರೆಯ ನೀರು ಚೆಲ್ಲುವುದು ಪಾಪ. ಅದಕ್ಕೆ ಸಸಿಯ ಬುಡಕ್ಕೇ ಸುರಿದೆ.

ಮಧ್ಯಾಹ್ನ ಗದ್ದಲವೋ ಗದ್ದಲ. “ಏ, ಖಾಲಿ ಆಗೇತಿ! ಎಷ್ಟ ಕುಡಿತೈತಿ ನೋಡ್ರಿ ಇದು!”

“ಬೆಳ್ಯೂ ಕೂಸವ್ವಾ, ಕುಡೀಲಿ ಬಿಡ್ರಿ,” ಎಂದೆ, ನಗು ತಡೆದುಕೊಂಡು.

ಎರಡು ವಾರ ಹೀಗೇ ನಡೆಯಿತು. ಆಮೇಲೆ ಎಲೆ ಹಳದಿಯಾಗಿ ಉದುರತೊಡಗಿತು. ಮಾತು ಕಡಿಮೆಯ ಒಬ್ಬಳು ಬುಡದ ಮಣ್ಣು ಹಿಡಿದು ಮೂಸಿದಳು.

“ಆಯಿ, ನಾರಾಕತ್ತೈತಿ. ಬೇರು ಕೊಳತಾವೇನ?”

“ಹುಚ್ಚಿ, ನೀರು ಕಡಿಮಿ ಆಗೇತಿ. ಇನ್ನೊಂದ ಬಾಟ್ಲಿ ಹಾಕೂಣು,” ಎಂದಳು ಇನ್ನೊಬ್ಬಳು.

“ಬ್ಯಾಡ ಬೇ! ಗಡಗಿ ಖಾಲಿ ಮಾಡಿ ಬುಡಕ್ಕ ಸುರದಾಕಿ ನಾನ,” ಎಂದೆ.

“ಯಾಕ, ಆಯಿ?”

“ನೀವು ಬರ್ಲೆಂತ.”

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಅಕ್ಕೋರು ಬಂದು ಮಕ್ಕಳಿಂದ ಬುಡ ಕೆದರಿಸಿ ಗಾಳಿಯಾಡಲು ಬಿಟ್ಟರು. “ಇನ್ನ ಶನಿವಾರಕ್ಕೊಮ್ಮೆ ಅಷ್ಟ ನೋಡೂಣು. ಆಯಿ, ನೀವೂ ಮುಟ್ಟಬ್ಯಾಡ್ರಿ.”

“ಆತ್ರಿ ಅಕ್ಕೋರ,” ಎಂದು ಒಂದನೇ ಇಯತ್ತೆಯ ಹುಡುಗಿಯಂತೆ ತಲೆ ಬಗ್ಗಿಸಿದೆ.

ಇವತ್ತು ಮಂಗಳವಾರ. ಬೆಳಿಗ್ಗೆ ನೋಡಿದರೆ ಸಸಿಯ ತುದಿಯಲ್ಲಿ ಸಾಸಿವೆಯಷ್ಟು ಕೆಂಪು ಚಿಗುರು. ಹಂಚು ಎತ್ತಿದೆ. ಗಡಿಗೆ ಇನ್ನೂ ಮುಕ್ಕಾಲು ತುಂಬಿದೆ. ಹಾಗೇ ಮುಚ್ಚಿದೆ. ಈಗ ಬೇಲಿಯಾಚೆ ಬಿಸಿಯೂಟದ ತಟ್ಟೆಗಳ ಸದ್ದು. ಚಿಗುರಿದ ಸುದ್ದಿ ಕೂಗಿ ಹೇಳಲು ಬಾಯಿ ತುರಿಸುತ್ತಿದೆ. ಶನಿವಾರಕ್ಕೆ ಇನ್ನೂ ನಾಲ್ಕು ದಿನ. ಅಲ್ಲಿಯವರೆಗೆ ಇರಲಿ ಎಂದು ಒಂದೊಂದೇ ಅಕ್ಷರ ಒತ್ತಿ ಈ ಫೋನಿಗೆ ಹೇಳಿಟ್ಟಿದ್ದೇನೆ.